ಸ್ಪ್ಯಾನಿಷ್ ತರಗತಿಯ ಮೊದಲ ವರ್ಷದ ಗುರಿ ಪಾಲಕರಿಗೆ ತಿಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ಕಾರವಾರದಲ್ಲಿ ನನ್ನ ಮಗಳು ಓದುತ್ತಿರುವ ಪ್ರೌಢಶಾಲೆಯಲ್ಲಿ ಈ ವರ್ಷದಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸ್ಪ್ಯಾನಿಷ್ ಭಾಷೆಯನ್ನು ಐಚ್ಛಿಕ ವಿಷಯವಾಗಿ ಕಲಿಸಲಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲಾ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಸ್ಪ್ಯಾನಿಷ್ ಹೆಸರನ್ನೂ ಹೇಳಿರುವುದರಿಂದ ಇಂಥ ತರಗತಿಗಳು ನಮ್ಮ ಕರಾವಳಿಯ ಇತರ ಊರುಗಳಿಗೂ ಬರಬಹುದು. ಇದು ನನಗೆ ಸಂತೋಷದ ವಿಷಯವೇ. ಆದರೆ ಪಾಲಕರಿಗೆ ಕೊಟ್ಟ ಸೂಚನಾಪತ್ರದಲ್ಲಿ ಒಂದು ವರ್ಷದಲ್ಲಿ ಮಕ್ಕಳು ನಿರರ್ಗಳವಾಗಿ ಮಾತನಾಡುವರೆಂಬ ಭರವಸೆ ಮಾತ್ರ ಇತ್ತು. ಅವರು ಯಾವ ತಿಂಗಳಲ್ಲಿ ಏನನ್ನು ಕಲಿಯುತ್ತಾರೆ, ವರ್ಷದ ಕೊನೆಗೆ ಯಾವ ಯಾವ ಕೆಲಸಗಳನ್ನು ಆ ಭಾಷೆಯಲ್ಲಿ ಮಾಡಬಲ್ಲರು, ಅದನ್ನು ಹೇಗೆ ಪರೀಕ್ಷಿಸಲಾಗುತ್ತದೆ ಎಂಬುದರ ಕುರಿತು ಒಂದು ಸಾಲೂ ಇರಲಿಲ್ಲ. ಈ ಪತ್ರವನ್ನು ಬರೆಯಲು ಅದೇ ಕಾರಣ.

ಮೊದಲಿಗೆ ಸಮಯದ ಲೆಕ್ಕವನ್ನು ನೋಡಬೇಕು. ವಾರಕ್ಕೆ 40 ನಿಮಿಷಗಳ ಎರಡು ಪಿರಿಯಡ್‌ಗಳೆಂದರೆ, ಪರೀಕ್ಷೆ, ದಸರಾ ರಜೆ ಮತ್ತು ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಘೋಷಿಸುವ ರಜೆಗಳನ್ನು ಕಳೆದು 30 ವಾರಗಳು ಉಳಿದರೂ, ಇಡೀ ವರ್ಷಕ್ಕೆ ದೊರೆಯುವುದು 40 ಗಂಟೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಸುಲಭವೆನಿಸುವ ಭಾಷೆಗಳಲ್ಲಿ ಸ್ಪ್ಯಾನಿಷ್ ಒಂದು. ಹಾಗಿದ್ದೂ ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ಅಧಿಕಾರಿಗಳನ್ನು ವೃತ್ತಿಗೆ ಬೇಕಾದ ಮಟ್ಟಕ್ಕೆ ತರಲು 600ಕ್ಕೂ ಹೆಚ್ಚು ಗಂಟೆಗಳ ತರಗತಿಯನ್ನು ನಿಗದಿಪಡಿಸುತ್ತದೆ. ಆ ಅಧಿಕಾರಿಗಳು ಬೇರೆ ಕೆಲಸವಿಲ್ಲದೆ ದಿನವಿಡೀ ಅದನ್ನೇ ಕಲಿಯುವ ವಯಸ್ಕರು. ಗಣಿತ, ವಿಜ್ಞಾನಗಳ ನಡುವೆ ವಾರಕ್ಕೆರಡು ಸಲ ಸ್ಪ್ಯಾನಿಷ್ ಪುಸ್ತಕ ತೆರೆಯುವ ಹದಿಮೂರು ವರ್ಷದ ಮಗುವಿನಿಂದ 40 ಗಂಟೆಗಳಲ್ಲಿ ನಿರರ್ಗಳತೆಯನ್ನು ನಿರೀಕ್ಷಿಸುವುದು ಅನ್ಯಾಯ. ಆ ನಿರೀಕ್ಷೆ ಈಡೇರದಿದ್ದಾಗ ತನಗೆ ಭಾಷೆಗಳೇ ಬಾರವು ಎಂಬ ನಿರ್ಧಾರಕ್ಕೆ ಬರುವುದು ಮಗುವೇ ಹೊರತು ಶಾಲೆಯಲ್ಲ.

ಹಾಗೆಂದು 40 ಗಂಟೆಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಯುರೋಪಿನ ದೇಶಗಳು ಭಾಷಾ ಕಲಿಕೆಯನ್ನು ಎ1ರಿಂದ ಸಿ2ರ ವರೆಗೆ ಆರು ಹಂತಗಳಾಗಿ ವಿಂಗಡಿಸಿ 2001ರಲ್ಲಿ ಒಂದು ಚೌಕಟ್ಟನ್ನು ಪ್ರಕಟಿಸಿದವು. ಅದರ ತಳದ ಹಂತವಾದ ಎ1ರಲ್ಲಿ ಕಲಿಯುವವನು ತನ್ನನ್ನೂ ಇತರರನ್ನೂ ಪರಿಚಯಿಸಬಲ್ಲನು, ಎಲ್ಲಿ ವಾಸಿಸುತ್ತಾನೆ, ಯಾರನ್ನು ಬಲ್ಲನು, ಏನೇನು ಹೊಂದಿದ್ದಾನೆ ಎಂಬಂಥ ಪ್ರಶ್ನೆಗಳನ್ನು ಕೇಳಿ ಉತ್ತರಿಸಬಲ್ಲನು, ಎದುರಿನವರು ನಿಧಾನವಾಗಿ ಸ್ಪಷ್ಟವಾಗಿ ಮಾತನಾಡಿದರೆ ಸರಳ ಸಂಭಾಷಣೆ ನಡೆಸಬಲ್ಲನು. ಮೊದಲ ವರ್ಷದಲ್ಲಿ ಈ ಹಂತದ ಬಹುಪಾಲನ್ನು ಕ್ರಮಿಸಿದರೆ ಸಾಕು. ನಮ್ಮ ಮಕ್ಕಳ ಮಟ್ಟಿಗೆ ಹೇಳುವುದಾದರೆ, ಕಾಳಿ ನದಿ ಸಮುದ್ರ ಸೇರುವ ಊರಿನವಳು ನಾನು ಎಂದು ಹೇಳಲು, ಮನೆಮಂದಿಯನ್ನು ಪರಿಚಯಿಸಲು, ನೂರರ ವರೆಗೆ ಎಣಿಸಲು, ಗಂಟೆ, ವಾರ, ತಿಂಗಳು ಮತ್ತು ಹವೆಯನ್ನು ತಿಳಿಸಲು, ಮೀನಿನ ದರ ಕೇಳಲು, ಇಷ್ಟಾನಿಷ್ಟಗಳನ್ನು ಹೇಳಲು, ಐದಾರು ವಾಕ್ಯಗಳ ಒಂದು ಸಣ್ಣ ಪತ್ರ ಬರೆಯಲು ಬರಬೇಕು. ವ್ಯಾಕರಣದಲ್ಲಿ ವರ್ತಮಾನ ಕಾಲ, ಮೂರು ಬಗೆಯ ಕ್ರಿಯಾಪದಗಳ ಸಾಮಾನ್ಯ ರೂಪಗಳು, ಪ್ರಶ್ನಾರ್ಥಕ ಪದಗಳು ಇವಿಷ್ಟೇ ಮೊದಲ ವರ್ಷಕ್ಕೆ ತಕ್ಕವು. ಭೂತಕಾಲದ ಎರಡು ಬಗೆಗಳನ್ನು ಈಗಲೇ ತುರುಕುವ ಅಗತ್ಯವಿಲ್ಲ.

ಇಲ್ಲಿ ಪಠ್ಯಪುಸ್ತಕದ ಪ್ರಶ್ನೆ ಬರುತ್ತದೆ, ಮತ್ತು ಇದನ್ನು ನಾನು ತುಸು ವಿವರವಾಗಿಯೇ ಹೇಳಬೇಕಾಗಿದೆ. ಮಗಳ ಕೈಯಲ್ಲಿರುವ ಪುಸ್ತಕ ಇಂಗ್ಲಿಷ್ ಮಾತನಾಡುವ ಮಕ್ಕಳಿಗಾಗಿ ರಚಿತವಾದದ್ದು. ಅವರಿಗೆ ಕಷ್ಟವಾದುದನ್ನು ಅದು ಪುಟಗಟ್ಟಲೆ ವಿವರಿಸುತ್ತದೆ, ನಮ್ಮ ಮಕ್ಕಳಿಗೆ ಕಷ್ಟವಾದುದನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತದೆ. ಸ್ಪ್ಯಾನಿಷ್‌ನ ಪ, ತ, ಕ ಧ್ವನಿಗಳು ಇಂಗ್ಲಿಷಿನವುಗಳಂತೆ ಉಸಿರು ಬೆರೆತವಲ್ಲ. ಅಲ್ಲಿಯ ತಕಾರವು ನಮ್ಮ ತಕಾರದಂತೆ ಹಲ್ಲಿಗೆ ನಾಲಗೆ ತಾಗಿ ಹುಟ್ಟುತ್ತದೆ. ಟೊಮೆಟೊ ಹಣ್ಣನ್ನು ಅವರು ತೊಮಾತೆ ಎನ್ನುತ್ತಾರೆ. ಕನ್ನಡ ಓದಬಲ್ಲ ಮಗುವಿಗೆ ಇದನ್ನು ಕನ್ನಡ ಅಕ್ಷರದಲ್ಲಿ ಒಮ್ಮೆ ಬರೆದು ತೋರಿಸಿದರೆ ಮುಗಿಯಿತು. ಇಂಗ್ಲಿಷಿನ ಮೂಲಕ ಕಲಿಸಿದಾಗ ಅದೇ ಮಗು ಟಕಾರವನ್ನು ಅಭ್ಯಾಸ ಮಾಡಿಕೊಂಡು ಮುಂದೆ ಅದನ್ನು ಬಿಡಲು ಒದ್ದಾಡುತ್ತದೆ. ಕ್ರಿಯಾಪದದ ಕೊನೆಯಲ್ಲಿಯೇ ಕರ್ತೃ ಯಾರೆಂದು ತಿಳಿಯುವುದರಿಂದ ನಾನು, ನೀನು ಎಂಬ ಪದಗಳನ್ನು ಬಿಟ್ಟುಬಿಡುವ ರೂಢಿ ಸ್ಪ್ಯಾನಿಷ್‌ನಲ್ಲಿದೆ, ನಮ್ಮಲ್ಲಿಯೂ ಇದೆ. ನೀನು ಮತ್ತು ನೀವುಗಳ ಭೇದವನ್ನು ಹೋಲುವ ತೂ ಮತ್ತು ಉಸ್ತೆದ್ ಎಂಬ ರೂಪಗಳು ಅಲ್ಲಿವೆ. ಇನ್ನು, ಮೀನು ನನಗೆ ಇಷ್ಟ ಎಂಬಲ್ಲಿ ಇಷ್ಟಪಡುವವರು ಕರ್ತೃವಾಗದೆ ಮೀನೇ ಕರ್ತೃವಾಗುವ ವಾಕ್ಯರಚನೆಯು ಇಂಗ್ಲಿಷ್ ಮಕ್ಕಳನ್ನು ತಿಂಗಳುಗಟ್ಟಲೆ ಕಾಡುತ್ತದೆ. ಮೆ ಗುಸ್ತಾ ಎಲ್ ಪೆಸ್ಕಾದೊ ಎಂಬ ವಾಕ್ಯವು ನಮ್ಮ ಮಕ್ಕಳಿಗೆ ಹೇಳಿದೊಡನೆ ಅರ್ಥವಾಗಬೇಕು, ಏಕೆಂದರೆ ಮನೆಯಲ್ಲಿ ಅವರು ಮಾತನಾಡುವುದೇ ಹಾಗೆ.

ಕಷ್ಟಗಳು ಬೇರೆ ಕಡೆ ಇವೆ. ಮೇಜು, ಪುಸ್ತಕ, ನಕ್ಷೆ ಮುಂತಾದ ಪ್ರತಿಯೊಂದು ನಾಮಪದಕ್ಕೂ ಅಲ್ಲಿ ಪುಲ್ಲಿಂಗವೋ ಸ್ತ್ರೀಲಿಂಗವೋ ಇರಲೇಬೇಕು, ಮತ್ತು ಪದದ ಅಂತ್ಯವನ್ನು ನೋಡಿ ಊಹಿಸುವ ನಿಯಮ ಎಲ್ಲೆಡೆ ನಡೆಯುವುದಿಲ್ಲ: ಕೈ ಎಂಬರ್ಥದ ಮಾನೊ ಸ್ತ್ರೀಲಿಂಗ, ನಕ್ಷೆ ಎಂಬರ್ಥದ ಮಾಪಾ ಪುಲ್ಲಿಂಗ. ನಿರ್ಜೀವ ವಸ್ತುಗಳನ್ನೆಲ್ಲ ನಪುಂಸಕಲಿಂಗಕ್ಕೆ ಸೇರಿಸುವ ಕನ್ನಡದ ಮಗುವಿಗೆ ಇದು ಹೊಸದು. ಆದರೆ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು ಮೂರು ಲಿಂಗಗಳ ನಡುವೆ ಬೆಳೆದಿರುವುದರಿಂದ ಅವರಿಗೆ ಈ ಕಲ್ಪನೆ ಅಪರಿಚಿತವಲ್ಲ. ಇರುವುದು ಎಂಬ ಅರ್ಥಕ್ಕೆ ಸೆರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದಗಳಿರುವುದೂ, ಪೆರೊ ಎಂದರೆ ಆದರೆ, ರಕಾರವನ್ನು ಅದುರಿಸಿ ಪೆರ್ರೊ ಎಂದರೆ ನಾಯಿ ಎಂಬಂಥ ಉಚ್ಚಾರಭೇದವೂ ಸಾಕಷ್ಟು ಅಭ್ಯಾಸ ಬೇಡುತ್ತವೆ. ಪಾಠದ ಸಮಯವನ್ನು ಇಂಥವುಗಳಿಗೆ ಕೊಡಬೇಕು.

ಪರೀಕ್ಷೆಯ ವಿಷಯ ಇನ್ನೂ ಗಂಭೀರವಾದುದು. ಮೊದಲ ಕಿರುಪರೀಕ್ಷೆಯಲ್ಲಿ ಕ್ರಿಯಾಪದಗಳ ಕೋಷ್ಟಕಗಳನ್ನು ಬರೆಯಿಸಲಾಯಿತು, ಒಂದೇ ಒಂದು ವಾಕ್ಯವನ್ನೂ ಮಾತನಾಡಿಸಲಿಲ್ಲ. ಬಾಯಿಪಾಠದಲ್ಲಿ ಚುರುಕಾದ ಮಕ್ಕಳಿಗೆ ಪೂರ್ಣ ಅಂಕಗಳು ಬಂದವು. ಸ್ಪೇನ್ ಸರ್ಕಾರವು 1991ರಲ್ಲಿ ಸ್ಥಾಪಿಸಿದ, ದೆಹಲಿಯಲ್ಲಿಯೂ ಕೇಂದ್ರವನ್ನು ಹೊಂದಿರುವ ಇನ್‌ಸ್ತಿತುತೊ ಸೆರ್ವಾಂತೆಸ್ ನಡೆಸುವ, ಸ್ಪ್ಯಾನಿಷ್ ಪ್ರಾವೀಣ್ಯವನ್ನು ಅಳೆಯುವ ಡೆಲೆ ಪರೀಕ್ಷೆಯ ಎ1 ಹಂತದಲ್ಲಿ ಓದು ಮತ್ತು ಬರವಣಿಗೆಗೆ ಸೇರಿ 50 ಅಂಕಗಳು, ಆಲಿಸುವಿಕೆ ಮತ್ತು ಮಾತಿಗೆ ಸೇರಿ ಇನ್ನೊಂದು 50 ಅಂಕಗಳು. ಎರಡರಲ್ಲಿಯೂ ಪ್ರತ್ಯೇಕವಾಗಿ ಕನಿಷ್ಠ 30 ಪಡೆಯದವರು ಉತ್ತೀರ್ಣರಾಗುವುದಿಲ್ಲ. ಓದು ಬರವಣಿಗೆಯಲ್ಲಿ 50ಕ್ಕೆ 50 ಗಳಿಸಿ ಮಾತನಾಡಲಾರದ ಮಗು ಅಲ್ಲಿ ಅನುತ್ತೀರ್ಣ. ಎಲ್ಲ ಮಕ್ಕಳೂ ಆ ಪರೀಕ್ಷೆಗೆ ಕೂರಬೇಕೆಂದು ನಾನು ಹೇಳುವುದಿಲ್ಲ, ಅದರ ಶುಲ್ಕವೂ ಎಲ್ಲರಿಗೆ ಎಟಕುವಂಥದಲ್ಲ. ಆದರೆ ಶಾಲೆಯ ಅಂಕಗಳಲ್ಲಿ ಅರ್ಧದಷ್ಟನ್ನು ಆಲಿಸಿ ಮಾತನಾಡುವುದಕ್ಕೆ ಮೀಸಲಿಡಲು ಯಾವ ಖರ್ಚೂ ಇಲ್ಲ. ತಪ್ಪಾಗಿ ಮಾತನಾಡಿದ ಮಗುವನ್ನು ನೋಡಿ ಯಾರೂ ನಗಬಾರದೆಂಬ ನಿಯಮವನ್ನು ಮೊದಲ ದಿನವೇ ಗೋಡೆಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಪಾಲಕರಾದ ನಮ್ಮ ಪಾಲಿನದು ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಆ ಭಾಷೆಯನ್ನು ಕೇಳಲು ಅವಕಾಶ ಕೊಡುವುದು.

ಶಿಕ್ಷಕರ ಕುರಿತು ಒಂದು ಮಾತು. ಗೋವಾ ನಮಗೆ ಹತ್ತಿರವಾದುದರಿಂದ ಪೋರ್ಚುಗೀಸ್ ಬಲ್ಲವರು ಸಿಗುತ್ತಾರೆ, ಎರಡೂ ಒಂದೇ ಬಗೆಯವು, ಅವರೇ ಸ್ಪ್ಯಾನಿಷ್ ಕಲಿಸಲಿ ಎಂಬ ಸಲಹೆ ಪಾಲಕರ ಸಭೆಯಲ್ಲಿ ಬಂತು. ಇವೆರಡು ಅಕ್ಕತಂಗಿ ಭಾಷೆಗಳು ಎಂಬುದು ನಿಜ. ಆದರೆ ಉಚ್ಚಾರಣೆಯಲ್ಲಿ, ಅದರಲ್ಲಿಯೂ ಸ್ವರಗಳಲ್ಲಿ, ಅವು ಬಹಳ ದೂರ ಸರಿದಿವೆ. ಸ್ಪ್ಯಾನಿಷ್‌ನಲ್ಲಿ ಐದೇ ಸ್ಪಷ್ಟ ಸ್ವರಗಳಿವೆ, ಪೋರ್ಚುಗೀಸಿನಲ್ಲಿರುವ ಅನುನಾಸಿಕ ಸ್ವರಗಳು ಅಲ್ಲಿಲ್ಲ. ಮೊದಲ ವರ್ಷದಲ್ಲಿ ಕಿವಿಗೆ ಬಿದ್ದ ಉಚ್ಚಾರವೇ ಮಗುವಿನಲ್ಲಿ ಉಳಿಯುವುದರಿಂದ ಸ್ಪ್ಯಾನಿಷ್‌ನಲ್ಲಿಯೇ ತರಬೇತಿ ಪಡೆದವರು ಸಿಗುವ ವರೆಗೆ ಕಾಯುವುದು ಲೇಸು.

ಸಂಸ್ಕೃತಿಯ ಪರಿಚಯವೆಂದು ಪುಸ್ತಕದಲ್ಲಿ ಗೂಳಿ ಕಾಳಗ ಮತ್ತು ಹಬ್ಬಗಳ ಚಿತ್ರಗಳಿವೆ. ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಬಾಗಿಲೊಂದಿದೆ. 1880ರ ದಶಕದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದ ರವೀಂದ್ರನಾಥ ಟಾಗೋರರ ಹೆಸರನ್ನೇ ನಮ್ಮ ಕಡಲತೀರಕ್ಕೆ ಇಡಲಾಗಿದೆ. ಅದೇ ಕವಿ 1924ರಲ್ಲಿ ಪೆರು ದೇಶಕ್ಕೆ ಹೊರಟು, ದಾರಿಯಲ್ಲಿ ಅಸ್ವಸ್ಥರಾಗಿ, ಅರ್ಜೆಂಟೀನಾದ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರ ಆತಿಥ್ಯದಲ್ಲಿ ಬ್ಯೂನಸ್ ಐರಿಸ್ ಸಮೀಪದ ಸಾನ್ ಇಸಿದ್ರೊದಲ್ಲಿ ಉಳಿದರು. ಅದಕ್ಕೂ ಮೊದಲೇ ಸ್ಪೇನಿನ ಸೆನೋಬಿಯಾ ಕಾಂಪ್ರುಬಿ ಅವರು ತಮ್ಮ ಪತಿ, 1956ರಲ್ಲಿ ನೊಬೆಲ್ ಪಡೆದ ಕವಿ ಹ್ವಾನ್ ರಾಮೊನ್ ಹಿಮೆನೆಸ್ ಅವರ ನೆರವಿನಿಂದ ಟಾಗೋರರನ್ನು ಸ್ಪ್ಯಾನಿಷ್‌ಗೆ ತಂದಿದ್ದರು. ಆ ಅನುವಾದಗಳಿಂದ ನಾಲ್ಕು ಸರಳ ಸಾಲುಗಳನ್ನು ಆರಿಸಿ ವರ್ಷದ ಕೊನೆಯಲ್ಲಿ ಮಕ್ಕಳಿಂದ ಓದಿಸಬಹುದು.

ಸ್ಪ್ಯಾನಿಷ್ ಕಲಿಕೆಯು ಹೆಚ್ಚುವರಿಯಾಗಿರಬೇಕೇ ಹೊರತು ಕನ್ನಡದ ಪಿರಿಯಡ್‌ನಿಂದ ಒಂದು ನಿಮಿಷವನ್ನೂ ಕಡಿಯಬಾರದು ಎಂಬುದನ್ನು ಇದರೊಂದಿಗೆ ಸೇರಿಸುತ್ತೇನೆ; ಮೇಲೆ ಹೇಳಿದ ಅನುಕೂಲಗಳು ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿಗೆ ಮಾತ್ರ ದೊರೆಯುತ್ತವೆ.

ಆದ್ದರಿಂದ ಜಿಲ್ಲೆಯಲ್ಲಿ ವಿದೇಶಿ ಭಾಷೆ ಕಲಿಸುವ, ಕಲಿಸಲಿರುವ ಎಲ್ಲ ಶಾಲೆಗಳಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಜೂನ್‌ನಲ್ಲಿ ಶುಲ್ಕ ಪಡೆಯುವ ಮೊದಲು, ವರ್ಷದ ಕೊನೆಗೆ ಮಗು ಏನು ಮಾಡಬಲ್ಲದು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಪಾಲಕರ ಕೈಗೆ ಕೊಡಿ. ಅದರಲ್ಲಿ ತರಗತಿಗಳ ಒಟ್ಟು ಗಂಟೆ, ಶಿಕ್ಷಕರ ಅರ್ಹತೆ, ಮಾತಿಗೆ ಮೀಸಲಾದ ಅಂಕಗಳು ನಮೂದಾಗಿರಲಿ. ಫೆಬ್ರುವರಿಯಲ್ಲಿ ಅದೇ ಪುಟವನ್ನು ಮುಂದಿಟ್ಟುಕೊಂಡು ಮಕ್ಕಳನ್ನು ಮಾತನಾಡಿಸಿ, ಆ ಮಾತನ್ನು ಕೇಳಲು ನಮ್ಮನ್ನೂ ಕರೆಯಿರಿ.

– ಓರ್ವ ಪಾಲಕಿ, ಕೋಡಿಬಾಗ, ಕಾರವಾರ