ಹತ್ತಿದವರ ಲೆಕ್ಕ ದಡದಲ್ಲಿರಲಿ

ಸಂಪಾದಕರಿಗೆ,

ಮಾನ್ಯರೇ,

ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಕಟ್ಟಿದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದ ಮೇಲೆ, ಹೊಳೆಬಾಗಿಲಿನ ದಡದಲ್ಲಿ ಲಾಂಚ್‌ಗಾಗಿ ಗಂಟೆಗಟ್ಟಲೆ ಸರದಿ ನಿಲ್ಲುವ ಕಷ್ಟ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ ತಪ್ಪಿತು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದು ನೀರು ನಿಂತಂದಿನಿಂದ ಆರು ದಶಕ ಕಾದವರಿಗೆ ಇದು ಸಣ್ಣ ಸಮಾಧಾನವಲ್ಲ. ಇನ್ನು ಮುಂದೆ ಆ ನೀರಿನ ಮೇಲೆ ಹೋಗುವವರಲ್ಲಿ ಹೆಚ್ಚಿನವರು ದಾರಿಯಿಲ್ಲದೆ ಹೋಗುವವರಲ್ಲ, ಸಂತೋಷಕ್ಕಾಗಿ ಹೋಗುವವರು. ವಿಹಾರದ ದೋಣಿಗಳು ಹೆಚ್ಚಬೇಕು, ಲಾಂಚ್‌ಗಳನ್ನೂ ಪ್ರವಾಸಿಗರಿಗಾಗಿ ಬಳಸಬೇಕು ಎಂಬ ಮಾತು ನಮ್ಮ ಕಡೆ ಹೋಟೆಲಿನ ಬೆಂಚಿನಿಂದ ಹಿಡಿದು ಗ್ರಾಮಸಭೆಯವರೆಗೂ ಕೇಳಿಬರುತ್ತಿದೆ. ನಾನು ಅದನ್ನು ವಿರೋಧಿಸಲು ಈ ಪತ್ರ ಬರೆಯುತ್ತಿಲ್ಲ. ಹತ್ತಿದವರನ್ನು ಎಣಿಸಿ, ಆ ಲೆಕ್ಕವನ್ನು ದಡದಲ್ಲಿ ಬಿಟ್ಟು ದೋಣಿ ಹೊರಡಬೇಕೆಂಬ ಒಂದೇ ಒಂದು ಬೇಡಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಮುಂದಿಡಲು ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದ ರಜೆಯಲ್ಲಿ ನನ್ನ ತಂಗಿಯ ಮನೆಯವರು ದಾವಣಗೆರೆಯಿಂದ ಬಂದಿದ್ದರು. ಹನ್ನೊಂದು ಜನ ಸೇರಿ ಹಿನ್ನೀರಿನ ಒಂದು ಕಡೆ ದೋಣಿ ವಿಹಾರಕ್ಕೆ ಹೋದೆವು. ನಡುಗಡ್ಡೆಯೊಂದಕ್ಕೆ ಕರೆದೊಯ್ದು, ಅರ್ಧ ಗಂಟೆ ತಿರುಗಾಡಲು ಬಿಟ್ಟು, ಮತ್ತೆ ದಡಕ್ಕೆ ತರುವ ಏರ್ಪಾಡು ಅದು. ಮೂರು ದೋಣಿಗಳು ಒಂದರ ಹಿಂದೆ ಒಂದು ಓಡಾಡುತ್ತಿದ್ದವು. ಯಾವುದು ಬಂತೋ ಅದನ್ನು ಹತ್ತುವುದು. ನಾವು ಮರಳಿ ದಡಕ್ಕೆ ಇಳಿದಾಗ ತಂಗಿಯ ಮೊಮ್ಮಗ, ಹನ್ನೆರಡು ವರ್ಷದ ಹುಡುಗ, ನಮ್ಮೊಂದಿಗೆ ಇರಲಿಲ್ಲ. ದೋಣಿಯವರನ್ನು ಕೇಳಿದರೆ ಒಬ್ಬರು ‘ಹತ್ತಿರಬೇಕು ಸಾರ್’ ಎಂದರು, ಇನ್ನೊಬ್ಬರು ‘ಅಲ್ಲೇ ಉಳಿದಿರಬೇಕು’ ಎಂದರು. ಟಿಕೆಟ್‌ನ ಅರ್ಧ ಚೀಟಿಗಳನ್ನು ನೋಡೋಣವೆಂದರೆ, ನಮಗೆ ಕೊಟ್ಟಿದ್ದು ಒಂದೇ ಚೀಟಿ. ಅದರಲ್ಲಿ ಹಣದ ಮೊತ್ತವಿತ್ತೇ ಹೊರತು ತಲೆಗಳ ಸಂಖ್ಯೆ ಇರಲಿಲ್ಲ. ಹುಡುಕುವುದಾದರೂ ಎಲ್ಲಿ, ನೀರಿನಲ್ಲೋ, ನಡುಗಡ್ಡೆಯಲ್ಲೋ, ದಡದಲ್ಲೋ ಎಂಬುದೇ ತಿಳಿಯದೆ ನಲವತ್ತು ನಿಮಿಷ ಕಳೆದವು. ಕೊನೆಗೆ ಹುಡುಗ ಸಿಕ್ಕಿದ್ದು ವಾಹನ ನಿಲ್ಲಿಸುವ ಜಾಗದ ಚುರುಮುರಿ ಗಾಡಿಯ ಬಳಿ. ಯಾರದೋ ಮಕ್ಕಳ ಜೊತೆ ಮಾತಾಡುತ್ತಾ ನಮಗಿಂತ ಮೊದಲಿನ ದೋಣಿಯಲ್ಲೇ ಬಂದುಬಿಟ್ಟಿದ್ದನಂತೆ. ಅವನ ತಾಯಿ ಅವನನ್ನು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅಷ್ಟರಲ್ಲಿ ದೋಣಿಯವರು ಮುಂದಿನ ಗುಂಪನ್ನು ಹತ್ತಿಸತೊಡಗಿದ್ದರು, ಈಗಲೂ ಎಣಿಸದೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ಸಿಗಂದೂರಿಗೆ, ಕೊಡಚಾದ್ರಿಗೆ ಮಕ್ಕಳನ್ನು ಕರೆದೊಯ್ಯುವಾಗ ಲಾಂಚ್ ಹತ್ತುವ ಮುನ್ನ ಒಮ್ಮೆ, ಇಳಿದ ಮೇಲೆ ಒಮ್ಮೆ ತಲೆ ಎಣಿಸುವುದು ನನ್ನ ಪದ್ಧತಿಯಾಗಿತ್ತು. ‘ಮೇಷ್ಟ್ರು ಕೊಟ್ಟಿಗೆಗೆ ದನ ಕಟ್ಟುವಾಗ ಎಣಿಸಿದ ಹಾಗೆ ಎಣಿಸ್ತಾರೆ’ ಎಂದು ಲಾಂಚಿನ ಹುಡುಗರು ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ನಾನೂ ನಗುತ್ತಿದ್ದೆ. ಹಡಗು ದುರಂತಗಳ ಬಗ್ಗೆ ಆಸಕ್ತಿಯಿಂದ ಓದತೊಡಗಿದ್ದು ನಿವೃತ್ತಿಯ ನಂತರ. ಓದಿದಷ್ಟೂ ಆ ಪದ್ಧತಿ ತಮಾಷೆಯದ್ದಲ್ಲ ಎಂಬುದು ಗಟ್ಟಿಯಾಗುತ್ತಾ ಬಂತು.

ಟೈಟಾನಿಕ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಜೀವರಕ್ಷಕ ದೋಣಿಗಳ ಕೊರತೆ. 1912ರ ಏಪ್ರಿಲ್‌ನಲ್ಲಿ ಸುಮಾರು 2,200 ಜನರನ್ನು ಹೊತ್ತು ಹೊರಟ ಆ ಹಡಗಿನ ಇಪ್ಪತ್ತು ದೋಣಿಗಳಲ್ಲಿ ಇದ್ದ ಜಾಗ 1,178 ಮಂದಿಗೆ ಮಾತ್ರ ಎಂಬುದು ನಿಜ. ಅದಕ್ಕಿಂತ ಭೀಕರವಾದದ್ದು, ಸಮುದ್ರಯಾನದ ಚರಿತ್ರೆಯಲ್ಲಿ ಯುದ್ಧಕಾಲದ್ದಲ್ಲದ ಅತಿ ದೊಡ್ಡ ದುರಂತ, ನಮ್ಮಲ್ಲಿ ಅನೇಕರಿಗೆ ಹೆಸರೇ ತಿಳಿಯದ್ದು. 1987ರ ಡಿಸೆಂಬರ್ 20ರ ರಾತ್ರಿ ಫಿಲಿಪೀನ್ಸ್‌ನಲ್ಲಿ ‘ದೋನ್ಯಾ ಪಾಸ್’ ಎಂಬ ಪ್ರಯಾಣಿಕರ ಹಡಗು ತೈಲ ಸಾಗಿಸುತ್ತಿದ್ದ ‘ವೆಕ್ಟರ್’ ಎಂಬ ಹಡಗಿಗೆ ಡಿಕ್ಕಿ ಹೊಡೆದು ಬೆಂಕಿ ಹತ್ತಿ ಮುಳುಗಿತು. ಕ್ರಿಸ್‌ಮಸ್‌ಗೆ ಮನಿಲಾಕ್ಕೆ ಹೊರಟ ಜನ ಅದರಲ್ಲಿ ಕಿಕ್ಕಿರಿದಿದ್ದರು. ಹಡಗಿನ ಅಧಿಕೃತ ಪಟ್ಟಿಯಲ್ಲಿದ್ದ ಪ್ರಯಾಣಿಕರು 1,493. ಸತ್ತವರ ಸಂಖ್ಯೆ 4,300ಕ್ಕೂ ಹೆಚ್ಚು ಎಂಬುದು ನಂತರದ ಅಂದಾಜು. ಬದುಕುಳಿದ ಎರಡು ಡಜನ್ ಜನರಲ್ಲೇ ಹೆಚ್ಚಿನವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಎಷ್ಟು ಜನ ಹತ್ತಿದರೆಂದು ಬರೆದಿಡದ ಕಾರಣ ಎಷ್ಟು ಜನ ಸತ್ತರೆಂಬುದನ್ನು ಇಂದಿಗೂ ಖಚಿತವಾಗಿ ಹೇಳುವಂತಿಲ್ಲ; ಪಟ್ಟಿಯಲ್ಲಿ ಹೆಸರಿಲ್ಲದ ಮಗನೋ ಮಗಳೋ ಅದೇ ಹಡಗಿನಲ್ಲಿದ್ದರೆಂದು ಸಾಬೀತು ಮಾಡುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. 2002ರಲ್ಲಿ ಆಫ್ರಿಕಾದ ಸೆನೆಗಲ್ ದೇಶದ ‘ಜೂಲಾ’ ಮಗುಚಿದಾಗಲೂ ಹೀಗೆಯೇ ಆಯಿತು: ಸುಮಾರು 580 ಜನರಿಗಾಗಿ ಕಟ್ಟಿದ ಹಡಗಿನಲ್ಲಿ 1,800ಕ್ಕೂ ಹೆಚ್ಚು ಮಂದಿ ಸತ್ತರು, ಮತ್ತು ಪುಟ್ಟ ಮಕ್ಕಳಿಗೆ ಟಿಕೆಟ್ ಬೇಕಿರಲಿಲ್ಲವಾದ್ದರಿಂದ ಅವರು ಟಿಕೆಟ್‌ನ ಲೆಕ್ಕದಲ್ಲಿ ಇರಲೇ ಇಲ್ಲ. ನಮ್ಮ ದೋಣಿಗಳಲ್ಲೂ ಮಡಿಲ ಮಗುವಿಗೆ ಟಿಕೆಟ್ ಇಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು.

ದೂರದ ದೇಶಗಳ ಮಾತು ಬಿಡೋಣ. ಸ್ವಾತಂತ್ರ್ಯಕ್ಕೆ ಒಂದು ತಿಂಗಳಿರುವಾಗ, 1947ರ ಜುಲೈ 17ರ ಬೆಳಿಗ್ಗೆ, ಮುಂಬೈಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಎಂಬ ಆಗಬೋಟು ಮಳೆಗಾಲದ ಅಲೆಗೆ ಸಿಕ್ಕಿ ಮಗುಚಿ ಹೆಚ್ಚುಕಡಿಮೆ ಏಳುನೂರು ಜನ ಸತ್ತರು. ನಾವು ಭೀಮನ ಅಮಾವಾಸ್ಯೆ ಮಾಡುವ ಆಷಾಢದ ಅಮಾವಾಸ್ಯೆಗೆ ಊರು ಸೇರಬೇಕೆಂದು ಹೊರಟವರು ಅವರು. ಒಂದೆರಡು ಗಂಟೆಯ ದಾರಿ, ದಡ ದೂರವಿರಲಿಲ್ಲ. ಆದರೂ ಹಡಗಿನಲ್ಲಿ ವೈರ್‌ಲೆಸ್ ಇಲ್ಲದ್ದರಿಂದ, ಈಜಿ ಬದುಕಿದವರು ಬಂದು ಹೇಳುವವರೆಗೆ ನಗರಕ್ಕೆ ಸುದ್ದಿಯೇ ತಿಳಿದಿರಲಿಲ್ಲ. ಇನ್ನೂ ಹತ್ತಿರದ್ದೆಂದರೆ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡದ್ದು. ಆ ದೋಣಿಯಲ್ಲಿ ಎಷ್ಟು ಮಂದಿ ಇದ್ದರು ಎಂಬುದರಲ್ಲಿ ಮೊದಲ ದಿನದ ವರದಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಶಿಕ್ಷಕನಾಗಿ ನನ್ನನ್ನು ಹೆಚ್ಚು ಕಾಡಿದ್ದು ದಕ್ಷಿಣ ಕೊರಿಯಾದ ‘ಸೆವೊಲ್’. 476 ಜನರನ್ನು ಹೊತ್ತು ಜೆಜು ದ್ವೀಪಕ್ಕೆ ಹೊರಟು 2014ರ ಏಪ್ರಿಲ್ 16ರಂದು ಮುಳುಗಿದ ಆ ಹಡಗಿನಲ್ಲಿ ಶಾಲಾ ಪ್ರವಾಸಕ್ಕೆ ಹೊರಟ ಪ್ರೌಢಶಾಲೆಯ ಮಕ್ಕಳೇ ಮುನ್ನೂರಕ್ಕೂ ಹೆಚ್ಚು. ಹೆಚ್ಚು ಜನರನ್ನು ಕೂರಿಸಲು ಮೇಲಂತಸ್ತು ಬೆಳೆಸಿ, ಮಿತಿ ಮೀರಿ ಸರಕು ತುಂಬಿ, ಹಡಗನ್ನು ನೇರವಾಗಿ ನಿಲ್ಲಿಸಲು ತಳದಲ್ಲಿ ಇರಬೇಕಾದ ಭಾರದ ನೀರನ್ನು ಕಡಿಮೆ ಮಾಡಿದ್ದರು. ತಿರುವಿನಲ್ಲಿ ಅದು ವಾಲಿದ್ದು ಮತ್ತೆ ಏಳಲಿಲ್ಲ. ಇದ್ದಲ್ಲೇ ಇರಿ ಎಂದು ಧ್ವನಿವರ್ಧಕದಲ್ಲಿ ಹೇಳಿದ್ದನ್ನು ವಿಧೇಯ ಮಕ್ಕಳು ಕೇಳಿದರು, ಕ್ಯಾಪ್ಟನ್ ಮೊದಲು ಹೊರಬಂದವರಲ್ಲಿ ಒಬ್ಬನಾದ. ಆ ದಿನ ಮಧ್ಯಾಹ್ನ ಅಧಿಕಾರಿಗಳು 368 ಜನರನ್ನು ರಕ್ಷಿಸಲಾಗಿದೆ ಎಂದು ಪ್ರಕಟಿಸಿದರು. ಎಣಿಕೆಯಲ್ಲಿ ತಪ್ಪಾಗಿದೆ ಎಂದು ಕೆಲವು ಗಂಟೆಗಳ ನಂತರ ಆ ಸಂಖ್ಯೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರು. ಸತ್ತವರು 304 ಮಂದಿ, ಅವರಲ್ಲಿ 250 ವಿದ್ಯಾರ್ಥಿಗಳು. ಶಾಲೆಯ ಸಭಾಂಗಣದಲ್ಲಿ ಸೇರಿದ್ದ ತಂದೆತಾಯಂದಿರಿಗೆ ಮಕ್ಕಳು ಸುರಕ್ಷಿತ ಎಂಬ ಸುದ್ದಿ ಮೊದಲು ಬಂದಿತ್ತು ಎಂಬುದನ್ನು ಓದಿದಾಗ ನಾನು ಪುಸ್ತಕವನ್ನು ಮಡಚಿಟ್ಟು ಹೊರಗೆ ಅಂಗಳಕ್ಕೆ ಹೋದೆ.

ಎಣಿಸಿದ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. 1915ರ ಜುಲೈ 24ರಂದು ಅಮೆರಿಕದ ಶಿಕಾಗೋದಲ್ಲಿ ‘ಈಸ್ಟ್‌ಲ್ಯಾಂಡ್’ ಹಡಗನ್ನು ಹತ್ತುತ್ತಿದ್ದವರನ್ನು ಬಾಗಿಲಲ್ಲೇ ಒಬ್ಬೊಬ್ಬರಾಗಿ ಎಣಿಸಿದ್ದರು. ಅನುಮತಿ ಇದ್ದದ್ದು 2,500 ಜನರಿಗೆ, ಸುಮಾರು ಅಷ್ಟೇ ಜನ ಹತ್ತಿದ್ದರು. ಆದರೆ ಟೈಟಾನಿಕ್‌ನ ನಂತರ ಬಂದ ಹೊಸ ನಿಯಮಕ್ಕಾಗಿ ಮೇಲಿನ ಅಟ್ಟದಲ್ಲಿ ಹೆಚ್ಚುವರಿ ಜೀವರಕ್ಷಕ ದೋಣಿಗಳನ್ನು ಇರಿಸಿದ್ದರಿಂದ, ಮೊದಲೇ ವಾಲುವ ಗುಣವಿದ್ದ ಹಡಗಿನ ತಲೆಭಾರ ಮತ್ತಷ್ಟು ಹೆಚ್ಚಿತ್ತು. ಹಗ್ಗ ಪೂರ್ತಿ ಬಿಚ್ಚುವ ಮೊದಲೇ, ಇಪ್ಪತ್ತು ಅಡಿ ಆಳದ ನದಿಯಲ್ಲಿ, ದಡದ ಪಕ್ಕದಲ್ಲೇ ಅದು ಮಗ್ಗುಲಾಗಿ ಮಲಗಿತು. ಕಂಪನಿಯ ವನಭೋಜನಕ್ಕೆ ಹೊರಟ 844 ಜನ ಸತ್ತರು. ಹಾಗಾಗಿ ಎಷ್ಟು ಜನ ಎನ್ನುವುದರಷ್ಟೇ ಅವರು ದೋಣಿಯಲ್ಲಿ ಎಲ್ಲಿ ನಿಲ್ಲುತ್ತಾರೆ ಎಂಬುದೂ ಮುಖ್ಯ. ಇದಕ್ಕೆ ನಮ್ಮದೇ ಪಶ್ಚಿಮಘಟ್ಟದಲ್ಲಿ, ನಮ್ಮದೇ ತರಹದ ಹಿನ್ನೀರಿನಲ್ಲಿ ನಡೆದ ಸಾಕ್ಷಿಯಿದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ‘ಜಲಕನ್ಯಕಾ’ ಎಂಬ ಎರಡಂತಸ್ತಿನ ಹೊಸ ವಿಹಾರ ದೋಣಿ, ದಡದಲ್ಲಿ ಕಂಡ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಮಗ್ಗುಲಿಗೆ ಬಂದಾಗ ಮಗುಚಿ 45 ಜನ ಮುಳುಗಿದರು. ಅಲೆಯಿಲ್ಲದ ನೀರು, ಬಂಡೆಯೂ ಅಡ್ಡ ಬರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಹಿನ್ನೀರೆಂದರೆ ಸಮುದ್ರವಲ್ಲವಲ್ಲ ಎನ್ನುವವರಿಗೆ ನನ್ನ ಬಳಿ ಇದಕ್ಕಿಂತ ಬೇರೆ ಉತ್ತರವಿಲ್ಲ.

ಇದನ್ನೆಲ್ಲ ಜಗತ್ತು ಕಲಿಯಲಿಲ್ಲವೆಂದಲ್ಲ. 1987ರ ಮಾರ್ಚ್ 6ರಂದು ಬೆಲ್ಜಿಯಮ್‌ನ ಬಂದರಿನಿಂದ ಮುಂಬಾಗಿಲು ಮುಚ್ಚದೆಯೇ ಹೊರಟು ಕೆಲವೇ ನಿಮಿಷಗಳಲ್ಲಿ ಮಗುಚಿ 193 ಜನರನ್ನು ಬಲಿ ಪಡೆದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಪ್ರಕರಣದ ತನಿಖೆಯಲ್ಲಿ, ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಲಾಗುತ್ತಿದೆ ಎಂದು ಅದೇ ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ದೂರಿದ್ದು ಬೆಳಕಿಗೆ ಬಂತು. ಟೈಟಾನಿಕ್‌ನ ಬೆನ್ನಿಗೆ 1914ರಲ್ಲಿ ಹುಟ್ಟಿ ಮತ್ತೆ ಮತ್ತೆ ತಿದ್ದುಪಡಿಯಾದ ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇಂದು, ಪ್ರಯಾಣಿಕರ ಹಡಗು ಹೊರಡುವ ಮುನ್ನ ಅದರಲ್ಲಿರುವ ಎಲ್ಲರನ್ನೂ ಎಣಿಸಬೇಕು, ದೂರದ ಪ್ರಯಾಣವಾದರೆ ಹೆಸರುಗಳನ್ನು ಬರೆದು ಅದನ್ನು ಹುಡುಕಾಟಕ್ಕೆ ಸಿಗುವಂತೆ ದಡದಲ್ಲಿ ಇಟ್ಟಿರಬೇಕು ಎಂಬ ನಿಯಮವಿದೆ. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದದ್ದು, 7,600 ಪ್ರಯಾಣಿಕರವರೆಗೆ ಒಯ್ಯಬಲ್ಲದು. ಅಂಥ ತೇಲುವ ಪೇಟೆಯಲ್ಲೂ ಒಬ್ಬೊಬ್ಬರ ಕಾರ್ಡನ್ನು ಬಾಗಿಲಲ್ಲಿ ಪರೀಕ್ಷಿಸುವುದರಿಂದ ಯಾರು ಒಳಗಿದ್ದಾರೆ, ಯಾರು ಬಂದರಿನಲ್ಲಿ ಇಳಿದಿದ್ದಾರೆ ಎಂಬುದು ಗೊತ್ತಿರುತ್ತದೆ. ಏಳು ಸಾವಿರ ಜನರ ಲೆಕ್ಕ ಇಡಲು ಸಾಧ್ಯವಾದರೆ ಇಪ್ಪತ್ತು ಜನರದ್ದು ಯಾಕಾಗದು? ಒಪ್ಪಂದ ಸಮುದ್ರಕ್ಕೆ ಸಂಬಂಧಿಸಿದ್ದು, ನಮ್ಮ ಹಿನ್ನೀರಿಗೆ ಅನ್ವಯಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಒಳನಾಡಿನ ನೀರಿಗೂ 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಹೊಸ ಕಾಯ್ದೆ ಬಂದು ನೋಂದಣಿ, ಪರೀಕ್ಷೆ, ವಿಮೆಗಳ ಏರ್ಪಾಡು ಮಾಡಿದೆ. ಆ ಕಾಯ್ದೆಯನ್ನು ನಮ್ಮ ದಡದವರೆಗೆ ತರಬೇಕಷ್ಟೆ.

ನಮ್ಮ ನೀರಿಗೆ ಅದರದ್ದೇ ಆದ ಅಪಾಯಗಳೂ ಇವೆ. ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು ಬೇಸಿಗೆಯಲ್ಲಿ ನೀರಿಳಿದಂತೆ ಮೇಲೆ ಕಾಣುತ್ತವೆ, ಕಾಣದಿರುವಾಗ ಒಂದೆರಡು ಅಡಿ ಕೆಳಗೇ ಇರುತ್ತವೆ. ಬಹುಕಡೆ ಫೋನಿನ ಸಿಗ್ನಲ್ ಇಲ್ಲ. ಸಂಜೆ ಮಂಜು ಕವಿದರೆ ನಡುಗಡ್ಡೆ ಯಾವುದು, ದಡ ಯಾವುದು ಎಂದು ಅಲ್ಲೇ ಹುಟ್ಟಿ ಬೆಳೆದವರಿಗೂ ಗೊಂದಲವಾಗುತ್ತದೆ. ಇಂಥಲ್ಲಿ ದೋಣಿಯೊಂದು ಹೊತ್ತಿಗೆ ಸರಿಯಾಗಿ ಮರಳದಿದ್ದರೆ, ಹೊರಟವರು ಇಷ್ಟು ಮಂದಿ, ಹೊರಟದ್ದು ಇಷ್ಟು ಗಂಟೆಗೆ, ಹೋದದ್ದು ಇಂಥ ಕಡೆಗೆ ಎಂದು ದಡದಲ್ಲಿ ಕುಳಿತ ಒಬ್ಬ ಮನುಷ್ಯನಿಗಾದರೂ ಗೊತ್ತಿರಬೇಕು.

ಆದ್ದರಿಂದ ಜಿಲ್ಲಾಡಳಿತವೂ ಪ್ರವಾಸೋದ್ಯಮ ಇಲಾಖೆಯೂ ದೋಣಿ ನಡೆಸುವವರಿಗೆ ಅನುಮತಿ ಕೊಡುವ ಮುನ್ನ ಕೆಲವನ್ನು ಷರತ್ತಾಗಿ ವಿಧಿಸಬೇಕೆಂದು ಕೋರುತ್ತೇನೆ. ದೋಣಿಗೆ ಎಷ್ಟು ಜನ ಹತ್ತಬಹುದು ಎಂಬುದನ್ನು ಅದರ ಮಗ್ಗುಲಲ್ಲಿ ದೂರದಿಂದ ಓದಲು ಬರುವಷ್ಟು ದೊಡ್ಡ ಕನ್ನಡ ಅಂಕಿಯಲ್ಲಿ ಬರೆಯಲಿ, ಮಡಿಲ ಮಗುವನ್ನೂ ಒಂದು ತಲೆಯಾಗಿ ಎಣಿಸಲಿ. ಹೊರಡುವ ಮುನ್ನ ಹೆಸರು, ಊರು, ಮನೆಯ ಒಂದು ಫೋನ್ ಸಂಖ್ಯೆ ಬರೆದ ಪುಸ್ತಕ ದಡದಲ್ಲೇ ಉಳಿಯಲಿ. ದೋಣಿಯಲ್ಲಿ ಒಯ್ದ ಪುಸ್ತಕ ದೋಣಿಯೊಂದಿಗೇ ಮುಳುಗುತ್ತದೆ. ಮರಳಿ ಬಂದವರನ್ನು ಅದೇ ಪುಸ್ತಕದಲ್ಲಿ ಗುರುತು ಹಾಕಿ ಇಳಿಸಲಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇದ್ದರೆ ಸಾಲದು, ಕಟ್ಟಿಕೊಳ್ಳದವರನ್ನು ಹತ್ತಿಸಬಾರದು. ಫೋಟೋಕ್ಕೆ ಅಡ್ಡಿಯಾಗುತ್ತದೆಂದು ಬಿಚ್ಚುವವರಿಗೆ ದೋಣಿಯವರು ಖಡಾಖಂಡಿತವಾಗಿ ಹೇಳುವ ಅಧಿಕಾರವನ್ನೂ ಕೊಡಬೇಕು. ಎಲ್ಲರೂ ಒಂದೇ ಕಡೆ ನಿಲ್ಲಬೇಡಿ ಎಂಬ ಮಾತನ್ನು ಹೊರಡುವಾಗ ಒಮ್ಮೆ ಹೇಳಲು ಅರ್ಧ ನಿಮಿಷ ಸಾಕು.

ದೋಣಿ ನಡೆಸುವವರಲ್ಲಿ ಹೆಚ್ಚಿನವರು ನಮ್ಮವರೇ, ಮುಳುಗಡೆಯಲ್ಲಿ ಗದ್ದೆ ತೋಟ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು. ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶವಲ್ಲ. ಒಂದು ಅವಘಡವಾದರೆ ಮೊದಲು ಬಾಗಿಲು ಮುಚ್ಚುವುದು ಅವರದ್ದೇ. ಬರುವ ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿಯುವ ಮೊದಲು, ಆ ಪುಸ್ತಕ ಪ್ರತಿಯೊಂದು ದಡದಲ್ಲೂ ಯಾರ ವಶದಲ್ಲಿರಬೇಕು, ದಿನಕ್ಕೊಮ್ಮೆ ಅದನ್ನು ಪರಿಶೀಲಿಸಿ ಸಹಿ ಮಾಡುವವರು ಯಾವ ಇಲಾಖೆಯವರು ಎಂಬುದನ್ನು ಜಿಲ್ಲಾಡಳಿತ ಲಿಖಿತವಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ