ಸ್ವರಾಜ್ ದ್ವೀಪದಲ್ಲಿ ಊಟದ ಕೂಪನ್ ನಡೆಯದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು, ಪ್ರವಾಸ ವಿಭಾಗ

ವಿಷಯ: ಅಂಡಮಾನ್ ಪ್ರವಾಸದಲ್ಲಿ ಊಟದ ಕೂಪನ್ ನಿರಾಕರಣೆ, ಬಲವಂತದ ಸೇವಾ ಶುಲ್ಕ ಹಾಗೂ ಅವಮಾನ

ಮಾನ್ಯರೇ,

ಫೋನಿನಲ್ಲಿ ಸೌಜನ್ಯದಿಂದ ಕೇಳುವುದೆಲ್ಲ ಮುಗಿಯಿತು. "ಪ್ರವಾಸ ಮುಗಿದ ಮೇಲೆ ಊಟದ ವಿಚಾರ ನಮಗೆ ಬರುವುದಿಲ್ಲ" ಎಂದು ನಿಮ್ಮ ಮಡಿಕೇರಿ ಶಾಖೆಯವರು ನಿನ್ನೆ ಕರೆ ಕಡಿದುಹಾಕಿದ್ದರಿಂದ ಈ ಪತ್ರ.

ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎರಡರಲ್ಲೂ ರಾತ್ರಿಯೂಟ ಪ್ಯಾಕೇಜಿನಲ್ಲೇ ಸೇರಿದೆ, ನೀವು ಸೂಚಿಸಿದ ಹೋಟೆಲುಗಳಲ್ಲಿ ಕೂಪನ್ ತೋರಿಸಿದರೆ ಸಾಕು ಎಂಬುದು ನಿಮ್ಮದೇ ಷರತ್ತು. ಬರೆದವರು ನೀವು, ನಾನು ನೆನಪಿಸಬೇಕಾಗಿಲ್ಲ.

ಸ್ವರಾಜ್ ದ್ವೀಪದ ಗೋವಿಂದನಗರದಲ್ಲಿ ನೀವು ಸೂಚಿಸಿದ ಹೋಟೆಲಿನ ಮ್ಯಾನೇಜರ್ ನನ್ನ ಕೂಪನ್ನನ್ನು ಹಿಂದೆ ಮುಂದೆ ತಿರುಗಿಸಿದರು, ದೀಪಕ್ಕೆ ಹಿಡಿದರು, ಅಡುಗೆಯವರನ್ನು ಕರೆದು ತೋರಿಸಿದರು. "ನಿಮ್ಮ ಕಂಪನಿಯ ಹಳೆಯ ಬಾಕಿಯೇ ತೀರಿಲ್ಲ, ಇದು ನಡೆಯುವುದಿಲ್ಲ" ಎಂದರು. ವಯಸ್ಸಾದ ತಾಯಿ ಹಸಿದಿದ್ದರು, ದುಡ್ಡು ಕೊಟ್ಟೇ ತಿನ್ನೋಣವೆಂದೆ. ತೂಕದ ಲೆಕ್ಕದಲ್ಲಿ ಮಾರಲು ಬಾಗಿಲಲ್ಲಿ ಮಂಜುಗಡ್ಡೆಯ ಮೇಲಿಟ್ಟಿದ್ದ ಮೀನನ್ನು ನೀರು ಸೋರುತ್ತಿದ್ದ ಬುಟ್ಟಿಯ ಸಮೇತ ತಕ್ಕಡಿಗಿಟ್ಟರು. ಬುಟ್ಟಿ ತೆಗೆಯಿರಿ ಎಂದರೆ ಕೇಳಿಸಲೇ ಇಲ್ಲವೆಂಬಂತೆ ಚೀಟಿ ಬರೆದರು. ಬಿಲ್ಲಿನಲ್ಲಿ ತೆರಿಗೆಯಲ್ಲದೆ ಶೇ. 10 ಸೇವಾ ಶುಲ್ಕವೂ ಇತ್ತು. ಅದನ್ನು ತೆಗೆಯಲು ಕೇಳಿದಾಗ, "ಕೂಪನ್ ಹಿಡಿದು ಬರುವವರಿಗೆ ಕಾನೂನು ಬೇರೆ ಬೇಕೇ? ಬಜಾರಿಗೆ ಹೋಗಿ ತಿನ್ನಿ" ಎಂದು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿದರು. ತಾಯಿಗೆ ಹಿಂದಿ ಬಾರದು. ಆದರೆ ಪಕ್ಕದ ಮೇಜಿನವರು ತಿರುಗಿ ನೋಡಿದ್ದು ಅವರಿಗೆ ಅರ್ಥವಾಯಿತು. ಅರ್ಧ ಉಂಡ ತಟ್ಟೆಯನ್ನು ಸರಿಸಿ "ಸಾಕು, ಏಳು" ಎಂದರು.

ಅಲ್ಲಿಂದಲೇ ನಿಮ್ಮ ಸ್ಥಳೀಯ ಪ್ರತಿನಿಧಿಗೆ ಫೋನ್ ಮಾಡಿದೆ. "ಈಗ ಕೊಟ್ಟುಬಿಡಿ, ಊರಿನಲ್ಲಿ ಸರಿಮಾಡುತ್ತಾರೆ" ಎಂದರು. ಸರಿಮಾಡಿದ್ದನ್ನು ನಿನ್ನೆ ಕಂಡೆ.

ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಇಂಥ ಹೋಟೆಲನ್ನು ಸೂಚಿಸಿದವರು ನೀವು.

ದ್ವೀಪದಲ್ಲಿ ಊಟ ತುಟ್ಟಿ ಎಂಬ ದೂರು ನನ್ನದಲ್ಲ. ಎಷ್ಟೋ ಸಾಮಾನು ಅಲ್ಲಿಗೆ ಹಡಗಿನಲ್ಲೇ ಬರಬೇಕು. ಮರುದಿನ ಬಜಾರಿನ ಸಣ್ಣ ಬಂಗಾಳಿ ಹೋಟೆಲಿನಲ್ಲಿ ಅನ್ನ, ಬೇಳೆ, ಮೀನುಸಾರು ಉಂಡೆವು. ಬೆಲೆ ಹಲಗೆಯ ಮೇಲಿತ್ತು, ತಾಯಿಗೆ ಕೇಳದೆಯೇ ಇನ್ನೊಮ್ಮೆ ಅನ್ನ ಬಡಿಸಿದರು. ಕೊಡಗಿನಲ್ಲಿ ನಾವೂ ಪ್ರವಾಸಿಗರಿಗೆ ಬಡಿಸುವವರೇ. ಪಂದಿಕರಿ, ಕಡಂಬುಟ್ಟಿನ ದರವನ್ನು ಮೊದಲೇ ಹೇಳುತ್ತೇವೆ, ಉಣ್ಣುತ್ತಿರುವವರನ್ನು ಹಂಗಿಸುವುದಿಲ್ಲ.

ಬಳಕೆಯಾಗದ ಎಲ್ಲ ಕೂಪನ್‌ಗಳ ಹಣ, ಆ ರಾತ್ರಿಯ ಬಿಲ್ಲಿನ ಹಣ, ತಾಯಿಯ ಹೆಸರಿಗೆ ಲಿಖಿತ ಕ್ಷಮೆ, ಇವು 15 ದಿನಗಳಲ್ಲಿ ತಲುಪಬೇಕು. ತಪ್ಪಿದರೆ ಕೊಡಗು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾವೆ ಹೂಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಾನು ಅಂಡಮಾನಿಗೆ ಅಲೆಯಬೇಕಾಗಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ನಿಮ್ಮ ಮೂಲಕವೇ ಹೊರಡಲಿದ್ದ ನಮ್ಮೂರಿನ ಕುಟುಂಬಗಳಿಗೂ ಈ ಪತ್ರದ ಪ್ರತಿ ಕೊಟ್ಟಿದ್ದೇನೆ. ಅವರು ಮುಂಗಡ ಹಣ ತಡೆಹಿಡಿದಿದ್ದಾರೆ.

ಇಂತಿ,
ನಿಮ್ಮ ಗ್ರಾಹಕ, ವಿರಾಜಪೇಟೆ

ಲಗತ್ತು: ಬಿಲ್ಲಿನ ಪ್ರತಿ, ಕೂಪನ್‌ಗಳು, ನಿಮ್ಮ ಷರತ್ತುಗಳ ಪುಟ