ಅಪ್‌ಗ್ರೇಡ್ ಪಟ್ಟಿ ಕಾಯುತ್ತಿರುವಾಗಲೇ ಸೀಟು ಮಾರಿದ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಸದಸ್ಯರ ಸೇವಾ ವಿಭಾಗ

ವಿಷಯ: ಡೆನ್ವರ್–ಬಾಸ್ಟನ್ ವಿಮಾನದಲ್ಲಿ ಫಸ್ಟ್ ಕ್ಲಾಸ್ ಅಪ್‌ಗ್ರೇಡ್ ಸಿಗದಿರುವುದು

ಮಾನ್ಯರೇ,

ನಾನು ನಿಮ್ಮ ಎಲೈಟ್ ಸದಸ್ಯೆ, ಅಂದರೆ ನಿಮ್ಮ ವಿಮಾನಗಳಿಗೆ ಹೆಚ್ಚು ಖರ್ಚು ಮಾಡಿ ಮೇಲಿನ ಮಟ್ಟ ಪಡೆದವಳು. ಫಸ್ಟ್ ಕ್ಲಾಸ್‌ನಲ್ಲಿ ಸೀಟು ಉಳಿದರೆ ನಮ್ಮಂಥವರನ್ನು ಹೆಚ್ಚು ಹಣ ಕೇಳದೆ ಅಲ್ಲಿಗೆ ಏರಿಸುವುದೇ ಅಪ್‌ಗ್ರೇಡ್. ಅದಕ್ಕೆ ಕಾಯುವವರ ಹೆಸರು ಒಂದು ಪಟ್ಟಿಯಲ್ಲಿರುತ್ತದೆ. ಕಳೆದ ವಾರದ ಪ್ರಯಾಣದಲ್ಲಿ ಆದದ್ದು ಹೀಗೆ. ನನ್ನ ಮಟ್ಟದವರಿಗೆ ಅಪ್‌ಗ್ರೇಡ್ ಶುರುವಾಗುತ್ತದೆ ಎಂದು ನೀವೇ ಹೇಳಿರುವ ಸಮಯ ಬಂತು, ಏನೂ ಆಗಲಿಲ್ಲ. ಅದೇ ಹೊತ್ತಿನಲ್ಲಿ ನಿಮ್ಮ ಸೈಟಿನಲ್ಲಿ ಅದೇ ವಿಮಾನದ ಫಸ್ಟ್ ಕ್ಲಾಸ್ ಟಿಕೆಟ್ ಮಾರಾಟಕ್ಕಿತ್ತು. ಮರುದಿನ ಚೆಕ್‌-ಇನ್ ಮಾಡುವಾಗ ಆ್ಯಪ್ ನನಗೇ ಒಂದು ಆಫರ್ ತೋರಿಸಿತು: ಇಷ್ಟು ಹಣ ಕೊಡಿ, ಫಸ್ಟ್ ಕ್ಲಾಸ್‌ನಲ್ಲಿ ಕೂರಿ. ಆ ಮೊತ್ತ ಪೂರ್ತಿ ದರದ ಹತ್ತಿರಕ್ಕೂ ಬರುತ್ತಿರಲಿಲ್ಲ. ಗೇಟಿನ ಪರದೆಯಲ್ಲಿ ಪಟ್ಟಿಯ ಮೊದಲ ಹೆಸರು ನನ್ನದೇ. ವಿಮಾನ ಹತ್ತುವ ಹೊತ್ತಿಗೆ ಉಳಿದ ಸೀಟು ಸೊನ್ನೆ. ಚೆಕ್‌-ಇನ್ ಸಮಯದಲ್ಲಿ ಮಾರಾಟವಾದವು ಎಂದು ಗೇಟಿನ ಸಿಬ್ಬಂದಿ ನಿಜ ಹೇಳಿದರು. ಅವರ ಮೇಲೆ ನನ್ನ ದೂರಿಲ್ಲ, ಅವರು ತುಂಬಾ ಸೌಜನ್ಯದಿಂದಲೇ ಮಾತಾಡಿದರು.

ಪೂರ್ತಿ ದರ ಕೊಟ್ಟವರಿಗೆ ಮೊದಲ ಹಕ್ಕು, ಒಪ್ಪುತ್ತೇನೆ. ನನಗಿಂತ ಮೇಲಿನ ಮಟ್ಟದವರು ಮುಂದೆ ಹೋದರೂ ಬೇಸರವಿಲ್ಲ. ಮೊದಲು ಮಟ್ಟ, ಆಮೇಲೆ ಟಿಕೆಟಿನ ದರ್ಜೆ, ವರ್ಷದ ಖರ್ಚು, ಕೋರಿಕೆ ಕೊಟ್ಟ ಸಮಯ, ಹೀಗೆ ಏನೋ ಒಂದು ಕ್ರಮ ಇರಲೇಬೇಕಲ್ವಾ? ಆ ಪಟ್ಟಿಗೇ ಬರದ ಸೀಟುಗಳ ಬಗ್ಗೆ ನನ್ನ ಮಾತು. ಮಾರಾಟಕ್ಕೆ ಒಂದು ಲೆಕ್ಕ, ಅಪ್‌ಗ್ರೇಡ್‌ಗೆ ಇನ್ನೊಂದು ಲೆಕ್ಕ ಇಡುತ್ತೀರಿ. ಹಾಗಾಗಿ ಒಂದೇ ಸೀಟು ಕೊಳ್ಳುವವರಿಗೆ ‘ಇದೆ’, ಕಾಯುವವರಿಗೆ ‘ಇಲ್ಲ’. ನಿಯಮದಲ್ಲಿ ‘ಸೀಟು ಲಭ್ಯವಿದ್ದರೆ’ ಎಂದು ಬರೆದಿದ್ದೀರಿ. ಲಭ್ಯವೋ ಅಲ್ಲವೋ ಎಂದು ತೀರ್ಮಾನಿಸುವವರೂ ನೀವೇ ಆದರೆ ಆ ಮಾತಿನಿಂದ ನಮಗೇನು ಸಿಕ್ಕಿತು?

ಇದು ‘ಉಚಿತ’ ಸೌಲಭ್ಯ, ಕೊಟ್ಟರೆ ತಗೊಳ್ಳಿ ಎಂಬ ಧಾಟಿ ನಿಮ್ಮ ಉತ್ತರಗಳಲ್ಲಿ ಕಾಣುತ್ತದೆ. ನನಗೆ ಜಾಸ್ತಿ ನೋವಾಗಿದ್ದು ಅದರಿಂದಲೇ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ‘ಆಡ್ವಾಂಟೇಜ್’ ಎಂಬ ತನ್ನ ಸದಸ್ಯರ ಯೋಜನೆ ಶುರು ಮಾಡಿದಾಗ ಎಣಿಸುತ್ತಿದ್ದದ್ದು ಹಾರಿದ ಮೈಲಿಗಳನ್ನು. ಈಗ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮಟ್ಟ ಸಿಗುವುದು ಮುಖ್ಯವಾಗಿ ಖರ್ಚು ಮಾಡಿದ ಡಾಲರ್‌ಗಳ ಮೇಲೆ. ಡೆಲ್ಟಾದಲ್ಲಂತೂ 2024ರಿಂದ ಅದೊಂದೇ ಅಳತೆ. ನೀವೂ ಅದನ್ನೇ ಮಾಡಿದ್ದೀರಿ. ನಿಮ್ಮ ಕ್ರೆಡಿಟ್ ಕಾರ್ಡ್ ತಗೊಂಡಿದ್ದೇನೆ. ಬೇರೆಯವರ ನೇರ ವಿಮಾನ ಬಿಟ್ಟು, ಎಲ್ಲೋ ಇಳಿದು ಇನ್ನೊಂದು ಹತ್ತುವ ನಿಮ್ಮ ದಾರಿಯಲ್ಲೇ ಹೋಗಿದ್ದೇನೆ. ಅಂದರೆ ಆ ಸೀಟಿನ ಬೆಲೆಯ ಒಂದು ಪಾಲು ನಿಮ್ಮ ಕೈಗೆ ಆಗಲೇ ಸೇರಿದೆ. ವರ್ಷಪೂರ್ತಿ ದುಡ್ಡು ಕೊಟ್ಟವರನ್ನು ಕಾಯಿಸಿ, ಕೊನೆಯ ದಿನ ಸ್ವಲ್ಪ ದುಡ್ಡು ಕೊಟ್ಟವರಿಗೆ ಸೀಟು ಕೊಡುವುದು ಸರಿಯಲ್ಲ.

ವಿಮಾನ ರದ್ದಾಗಿ ಬೇರೆಯದಕ್ಕೆ ಹಾಕಿದಾಗ ಅಪ್‌ಗ್ರೇಡ್ ಕೋರಿಕೆಯೇ ಮಾಯವಾಗುವುದನ್ನೂ ಸರಿಪಡಿಸಿ. ಆ ಗಲಾಟೆಯಲ್ಲಿ ಮತ್ತೆ ಕೇಳಿಕೊಳ್ಳಬೇಕು ಎಂದು ಎಷ್ಟು ಜನಕ್ಕೆ ನೆನಪಿರುತ್ತದೆ?

ಚೆಕ್‌-ಇನ್ ಶುರುವಾದ ಮೇಲೆ ಉಳಿದ ಸೀಟುಗಳನ್ನು ಮೊದಲು ಪಟ್ಟಿಯವರಿಗೆ ಕೊಡಿ, ಮಿಕ್ಕಿದ್ದನ್ನು ಆಫರ್‌ನಲ್ಲಿ ಮಾರಿ. ಅದು ಆಗುವುದಿಲ್ಲ ಎಂದಾದರೆ, ಎಷ್ಟು ಸೀಟು ಪಟ್ಟಿಗೆ ಬಿಟ್ಟಿದ್ದೀರಿ ಎಂದು ಆ್ಯಪ್‌ನಲ್ಲಾದರೂ ತೋರಿಸಿ. ಆಗ ಕಾಯುವುದೋ ಕೊಳ್ಳುವುದೋ ನಾವೇ ತೀರ್ಮಾನಿಸುತ್ತೇವೆ. ನಿಯಮ ಬದಲಿಸುವುದು ಅಸಾಧ್ಯವೇನಲ್ಲ. 2023ರಲ್ಲಿ ಡೆಲ್ಟಾ ತನ್ನ ಹೊಸ ನಿಯಮಗಳಿಗೆ ಸದಸ್ಯರಿಂದ ವಿರೋಧ ಬಂದಾಗ ಕೆಲವೇ ವಾರಗಳಲ್ಲಿ ಅವುಗಳನ್ನು ಸಡಿಲಿಸಿತು. ಡೈಮಂಡ್ ಎಂಬ ತನ್ನ ಮೇಲಿನ ಮಟ್ಟಕ್ಕೆ ಬೇಕಾದ ವರ್ಷದ ಖರ್ಚನ್ನು 35,000 ಡಾಲರ್‌ನಿಂದ 28,000ಕ್ಕೆ ಇಳಿಸಿತು.

ಬುಕಿಂಗ್ ವಿವರ ಲಗತ್ತಿಸಿದ್ದೇನೆ. ವೋಚರ್ ಆಗಲಿ, ಬೋನಸ್ ಮೈಲಿಗಳಾಗಲಿ ಬೇಡ. ನನ್ನ ಅಪ್‌ಗ್ರೇಡ್ ಸಮಯ ಶುರುವಾದ ಮೇಲೆ ಆ ವಿಮಾನದಲ್ಲಿ ಎಷ್ಟು ಫಸ್ಟ್ ಕ್ಲಾಸ್ ಸೀಟುಗಳನ್ನು ಆಫರ್ ಬೆಲೆಗೆ ಮಾರಿದಿರಿ, ಎಷ್ಟನ್ನು ಪಟ್ಟಿಗೆ ಬಿಟ್ಟಿರಿ ಎಂದು ಲಿಖಿತವಾಗಿ ತಿಳಿಸಿ.

ಇಂತಿ,
ನಿಮ್ಮ ಗೋಲ್ಡ್ ಸದಸ್ಯೆ